ಮನೆ ಕಂಪ್ಯೂಟರ್‌ಗೆ ಬ್ಯಾಕಪ್ ಮತ್ತು ಡಿಸ್ಕ್ ಇಮೇಜ್: ಸಾಫ್ಟ್‌ವೇರ್ ಆರಿಸುವುದರಿಂದ ವಾಪಸ್ ಹಾಕಿ ನೋಡುವವರೆಗೆ

ಕಳೆದ ಬೇಸಿಗೆಯಲ್ಲಿ ಕಲಬುರಗಿಯ ಸೇಡಂ ರಸ್ತೆ ಕಡೆಯಿಂದ ಪರಿಚಯದ ಅಕ್ಕ ಒಬ್ಬರು ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬಂದರು. ಶಾಲೆಯಲ್ಲಿ ಟೀಚರ್. ಡಿಸ್ಕ್ ಕೆಟ್ಟಿತ್ತು. "ಬ್ಯಾಕಪ್ ಅದ ರೀ, ಖರೆ ತೆರಿಲಿಕ್ಕೆ ಆಗವಲ್ದು" ಅಂದರು. ಕೈಯಲ್ಲಿದ್ದ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ 140 ಜಿಬಿಯ ಒಂದೇ ಒಂದು ಫೈಲ್ ಇತ್ತು. ಅದನ್ನು ತೆರೆಯುವ ಸಾಫ್ಟ್‌ವೇರ್ ಇದ್ದದ್ದು ಸತ್ತ ಡಿಸ್ಕ್‌ನೊಳಗೆ. ಅದೇನೂ ದೊಡ್ಡದಲ್ಲ, ಇನ್ನೊಂದು ಮಶಿನ್‌ಗೆ ಅದೇ ಸಾಫ್ಟ್‌ವೇರ್ ಹಾಕಿದೆ. ಆಗ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಬರೆದಿಟ್ಟದ್ದು ಆ ಲ್ಯಾಪ್‌ಟಾಪ್‌ನ ನೋಟ್‌ಪ್ಯಾಡ್‌ನಲ್ಲೇ! ಆರು ವರ್ಷದ ಫೋಟೊ ಹೋದವು.

ಇಂಥದ್ದನ್ನು ನಾನು ಪದೇ ಪದೇ ನೋಡುತ್ತಿದ್ದೇನೆ. ಬ್ಯಾಕಪ್ ತೆಗೆಯದವರ ಕಥೆ ಬೇರೆ. ತೆಗೆದೂ ಕಳೆದುಕೊಂಡವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅವರೆಲ್ಲ ತಪ್ಪುವುದು ಒಂದೇ ಕಡೆ: ಕೆಲಸದ ಕ್ರಮದಲ್ಲಿ. ಮೊದಲು ಯಾವುದೋ ಸಾಫ್ಟ್‌ವೇರ್ ಇಳಿಸುತ್ತಾರೆ, ಒಂದು ಇಮೇಜ್ ತೆಗೆಯುತ್ತಾರೆ, ಡಿಸ್ಕನ್ನು ಅಲ್ಮಾರಿಯಲ್ಲಿ ಇಡುತ್ತಾರೆ. ವಾಪಸ್ ಹಾಕುವುದು ಹೇಗೆ ಎಂದು ನೋಡುವುದು ಡಿಸ್ಕ್ ಸತ್ತ ದಿನ. ನಾವು ಇದನ್ನು ತಿರುಗಿಸೋಣ. ವಾಪಸ್ ಹಾಕುವ ದಾರಿ ಮೊದಲು ಖಾತ್ರಿಯಾಗಲಿ, ಇಮೇಜ್ ಆಮೇಲೆ ತೆಗೆಯೋಣ.

ಇಲ್ಲಿ ಹೇಳುವುದು ಮುಖ್ಯವಾಗಿ ವಿಂಡೋಸ್ 10 ಮತ್ತು 11ಕ್ಕೆ. ಮನೆಯಲ್ಲಿ ಮ್ಯಾಕ್ ಇದ್ದರೆ ಅದರಲ್ಲೇ ಇರುವ ಟೈಮ್ ಮಶಿನ್ ಸಾಕು, ಹುಡುಕಾಟ ಬೇಡ.

ಬೇಕಾಗುವ ಸಾಮಾನು

ಒಂದು ಎಕ್ಸ್‌ಟರ್ನಲ್ ಡಿಸ್ಕ್. ಖಾಲಿ ಮಾಡಬಹುದಾದ 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್. ಒಂದು ನೋಟ್‌ಬುಕ್ ಮತ್ತು ಪೆನ್. ಡೆಸ್ಕ್‌ಟಾಪ್ ಆದರೆ ಯುಪಿಎಸ್. ಬಿಡುವಿರುವ ಒಂದು ಭಾನುವಾರ ಬೆಳಗ್ಗೆ.

ಮೊದಲು ನಾಲ್ಕು ಪದ ಬೇರೆ ಬೇರೆ ಮಾಡಿಕೊಳ್ಳಿ

ಫೈಲ್ ಬ್ಯಾಕಪ್ ಎಂದರೆ ನೀವು ತೋರಿಸಿದ ಫೋಲ್ಡರ್‌ಗಳ ಪ್ರತಿ. ಫೋಟೊ, ಪಿಡಿಎಫ್, ಲೆಕ್ಕದ ಫೈಲ್ ವಾಪಸ್ ಬರುತ್ತವೆ. ವಿಂಡೋಸ್, ಪ್ರಿಂಟರ್ ಸೆಟ್ಟಿಂಗ್, ಹಾಕಿಸಿಕೊಂಡ ಸಾಫ್ಟ್‌ವೇರ್ ಬರುವುದಿಲ್ಲ.

ಡಿಸ್ಕ್ ಇಮೇಜ್ ಎಂದರೆ ಇಡೀ ಡಿಸ್ಕ್ ಆ ಹೊತ್ತಿಗೆ ಹೇಗಿತ್ತೋ ಹಾಗೇ ಒಂದು ಫೈಲ್‌ನೊಳಗೆ. ಹೊಸ ಡಿಸ್ಕ್‌ಗೆ ಅದನ್ನು ಹಾಕಿದರೆ ಹಳೆಯ ಡೆಸ್ಕ್‌ಟಾಪ್, ಹಳೆಯ ಐಕಾನ್, ಎಲ್ಲ ಇದ್ದಲ್ಲೇ ಇರುತ್ತವೆ.

ಕ್ಲೋನ್ ಎಂದರೆ ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ನೇರ ನಕಲು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಚಿಪ್‌ನಿಂದಾದ ವೇಗದ ಡಿಸ್ಕ್) ಹಾಕುವಾಗ ಇದು ಬೇಕು. ನಿತ್ಯದ ಬ್ಯಾಕಪ್‌ಗೆ ಇದು ಬರುವುದಿಲ್ಲ, ಯಾಕೆಂದರೆ ಹಳೆಯ ತಾರೀಖಿಗೆ ಹಿಂದೆ ಹೋಗಲು ದಾರಿ ಇರುವುದಿಲ್ಲ.

ಸಿಂಕ್ ಎಂದರೆ ಗೂಗಲ್ ಡ್ರೈವ್, ಒನ್‌ಡ್ರೈವ್ ಮಾಡುವ ಕೆಲಸ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತದೆ, ಅಷ್ಟೇ. ಉಚಿತ ಜಾಗ ಗೂಗಲ್‌ನಲ್ಲಿ 15 ಜಿಬಿ, ಒನ್‌ಡ್ರೈವ್‌ನಲ್ಲಿ 5 ಜಿಬಿ. ವಿಂಡೋಸ್‌ನಲ್ಲಿ ಈಗ ಕಾಣುವ "ವಿಂಡೋಸ್ ಬ್ಯಾಕಪ್" ಎಂಬ ಆ್ಯಪ್ ಕೂಡ ಒನ್‌ಡ್ರೈವ್‌ಗೆ ಫೋಲ್ಡರ್ ಮತ್ತು ಸೆಟ್ಟಿಂಗ್ ಕಳಿಸುವಂಥದ್ದೇ. ಹೆಸರು ನೋಡಿ ಇಮೇಜ್ ತೆಗೆಯುತ್ತದೆ ಅಂದುಕೊಳ್ಳಬೇಡಿ.

ಹಂತ 1: ಏನು ಹೋದರೆ ಕಷ್ಟ ಎಂದು ಬರೆಯಿರಿ

ನೋಟ್‌ಬುಕ್ ತೆಗೆದು ನಿಜವಾಗಿ ಬರೆಯಿರಿ. ಇದನ್ನು ಬಿಟ್ಟು ಮುಂದೆ ಹೋದವರು ಬೇಡದ್ದನ್ನು ಉಳಿಸಿ ಬೇಕಾದ್ದನ್ನು ಬಿಡುತ್ತಾರೆ.

ನಮ್ಮ ಭಾಗದ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇವು: ಮದುವೆ, ಜವಳದ ಫೋಟೊ ವಿಡಿಯೊ. ಮಕ್ಕಳ 371 ಜೆ ಅರ್ಹತಾ ಪ್ರಮಾಣಪತ್ರ, ಜಾತಿ ಆದಾಯ ಪತ್ರ, ಅಂಕಪಟ್ಟಿಗಳ ಸ್ಕ್ಯಾನ್. ಹೊಲದ ಪಹಣಿ. ಪಿಎಚ್‌ಡಿ ಮಾಡುವವರ ಪ್ರಬಂಧ. ಗಂಜ್‌ನಲ್ಲಿ ಲೆಕ್ಕ ಬರೆಯುವವರ ಟ್ಯಾಲಿ ಡೇಟಾ.

ಟ್ಯಾಲಿ ಬಗ್ಗೆ ಒಂದು ಮಾತು. ಅದರ ಡೇಟಾ ಫೋಲ್ಡರ್ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಒಳಗೆ ಇರುವುದಿಲ್ಲ. ಹಾಗಾಗಿ ಬರೀ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಟಿಕ್ ಮಾಡಿದವರ ಲೆಕ್ಕವೆಲ್ಲ ಹೊರಗೇ ಉಳಿಯುತ್ತದೆ. ಕಂಪನಿ ಆರಿಸುವ ಪರದೆಯಲ್ಲಿ ಡೇಟಾ ಇರುವ ದಾರಿ ಕಾಣುತ್ತದೆ, ಅದನ್ನು ಬರೆದುಕೊಳ್ಳಿ.

ನುಡಿ ಅಥವಾ ಬರಹದಲ್ಲಿ ಹಳೆಯ ಅಕ್ಷರ ಶೈಲಿ ಬಳಸಿ ಟೈಪ್ ಮಾಡಿದ ಫೈಲ್‌ಗಳಿದ್ದರೆ ಇನ್ನೊಂದು ತೊಡಕು. ಫೈಲ್ ಉಳಿದರೂ ಆ ಫಾಂಟ್ ಇಲ್ಲದ ಮಶಿನ್‌ನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫಾಂಟ್ ಫೈಲ್‌ಗಳನ್ನೂ ಪಟ್ಟಿಗೆ ಸೇರಿಸಿ.

ಈಗ ಪಟ್ಟಿ ನೋಡಿ ತೀರ್ಮಾನಿಸಿ. ಫೋಟೊ, ಪಿಡಿಎಫ್ ಮಾತ್ರ ಇದ್ದರೆ ಫೈಲ್ ಬ್ಯಾಕಪ್ ಸಾಕು. ಟ್ಯಾಲಿ, ನುಡಿ, ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿ ಎಲ್ಲ ಜೋಡಿಸಿಟ್ಟ ಮಶಿನ್ ಆದರೆ ಇಮೇಜ್ ಬೇಕೇ ಬೇಕು. ಅದನ್ನು ಮತ್ತೆ ಮೊದಲಿನಿಂದ ಜೋಡಿಸಲು ಎರಡು ದಿನ ಹಿಡಿಯುತ್ತದೆ. ನನ್ನ ಸಲಹೆ ಎರಡನ್ನೂ ಮಾಡಿ ಎಂದು: ತಿಂಗಳಿಗೆ ಒಂದು ಇಮೇಜ್, ಮುಖ್ಯ ಫೋಲ್ಡರ್‌ಗಳ ಪ್ರತಿ ವಾರಕ್ಕೊಮ್ಮೆ.

ಹಂತ 2: ಈಗಿರುವ ಡಿಸ್ಕ್‌ನ ನಾಡಿ ಹಿಡಿಯಿರಿ

ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ತೆರೆಯಿರಿ. ಆರೋಗ್ಯದ ಜಾಗದಲ್ಲಿ ನೀಲಿ ಬಣ್ಣದಲ್ಲಿ "ಗುಡ್" ಇದ್ದರೆ ಮುಂದೆ ಹೋಗಿ. ಹಳದಿ "ಕಾಶನ್" ಅಥವಾ ಕೆಂಪು "ಬ್ಯಾಡ್" ಇದ್ದರೆ ಇಲ್ಲೇ ನಿಲ್ಲಿ.

ಹಳದಿ ಕಂಡಾಗ ಇಮೇಜ್ ತೆಗೆಯಲು ಹೋಗಬೇಡಿ. ಇಮೇಜ್ ಇಡೀ ಡಿಸ್ಕನ್ನು ಓದುತ್ತದೆ, ಸಾಯುತ್ತಿರುವ ಡಿಸ್ಕ್ ಅಷ್ಟು ಹೊತ್ತು ತಡೆಯದೇ ಹೋಗಬಹುದು. ಮೊದಲು ಹಂತ 1ರ ಪಟ್ಟಿಯ ಮೇಲಿನಿಂದ ಒಂದೊಂದೇ ಫೋಲ್ಡರನ್ನು ಕೈಯಿಂದ ನಕಲು ಮಾಡಿ. ಪತ್ರಗಳು ಮೊದಲು, ಫೋಟೊ ಆಮೇಲೆ, ಸಿನಿಮಾ ಕೊನೆಗೆ. ಎಲ್ಲ ಆದ ಮೇಲೆ ಇಮೇಜ್‌ಗೆ ಪ್ರಯತ್ನಿಸಿ. ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅದೂ ಬೇಡ. ಕಂಪ್ಯೂಟರ್ ಆಫ್ ಮಾಡಿ, ಡೇಟಾ ತೆಗೆಯಲು ಬಲ್ಲವರ ಕೈಗೆ ಕೊಡಿ.

ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿದರೆ ಸಿಗುತ್ತದೆ. ಇಲ್ಲಿ ಬಹಳ ಮಂದಿಗೆ ಆಶ್ಚರ್ಯ ಕಾದಿರುತ್ತದೆ. ಸಿ, ಡಿ, ಇ ಮೂರೂ "ಡಿಸ್ಕ್ 0" ಎಂಬ ಒಂದೇ ಸಾಲಿನಲ್ಲಿ ಕಾಣುತ್ತವೆ. ನಮ್ಮ ಕಡೆ ಅಂಗಡಿಯಲ್ಲಿ ಫಾರ್ಮ್ಯಾಟ್ ಹೊಡೆಸಿದಾಗ ಒಂದೇ ಡಿಸ್ಕನ್ನು ಹೀಗೆ ಮೂರು ಭಾಗ ಮಾಡಿ ಕೊಡುವುದು ರೂಢಿ. "ನಾನು ಎಲ್ಲಾ ಡಿ ಡ್ರೈವ್‌ಗೆ ಬ್ಯಾಕಪ್ ಹಾಕೀನಿ" ಅನ್ನುವವರ ಡೇಟಾ ಸಿ ಜೊತೆಗೇ ಹೋಗುತ್ತದೆ. ಒಂದೇ ಪೆಟ್ಟಿಗೆಯ ಎರಡು ಖಾನೆ ಅದು, ಪೆಟ್ಟಿಗೆ ಸುಟ್ಟರೆ ಎರಡೂ ಸುಡುತ್ತವೆ.

ಅದೇ ಪರದೆಯಲ್ಲಿ ಸಿ ಪಕ್ಕಕ್ಕೆ ಕಂಪ್ಯೂಟರ್ ಏಳಲು ಬೇಕಾದ ಇಎಫ್‌ಐ ಎಂಬ ಚಿಕ್ಕ ಭಾಗ, ರಿಕವರಿ ಎಂಬ ಇನ್ನೊಂದು ಭಾಗ ಇರುತ್ತವೆ. ಅವು ಇವೆ ಎಂದು ನೆನಪಿಡಿ. ಹಂತ 6ರಲ್ಲಿ ಬೇಕಾಗುತ್ತವೆ.

ಕೊನೆಗೆ ಬಿಟ್‌ಲಾಕರ್. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್‌ಗೆ ತಾನಾಗಿಯೇ ಬೀಗ ಬೀಳುವುದುಂಟು. ಬಹಳ ಮಂದಿಗೆ ಇದು ಗೊತ್ತೇ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ "ಡಿವೈಸ್ ಎನ್‌ಕ್ರಿಪ್ಶನ್" ಎಂದು ಹುಡುಕಿ ನೋಡಿ. ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದುಕೊಳ್ಳಿ. ಒಂದು ಅಂಕಿ ತಪ್ಪಿದರೂ ಬೀಗ ತೆರೆಯದು. ಇದನ್ನು ಮಾಡದೆ ಹಂತ 5ಕ್ಕೆ ಹೋಗಲೇಬೇಡಿ.

ಹಂತ 3: ಎಕ್ಸ್‌ಟರ್ನಲ್ ಡಿಸ್ಕ್ ಕೊಳ್ಳಿ

ಡಿಸ್ಕ್‌ನಲ್ಲಿ ಈಗ ತುಂಬಿರುವ ಜಾಗ ನೋಡಿ, ಅದರ ಮೂರು ಪಟ್ಟು ದೊಡ್ಡದು ಕೊಳ್ಳಿ. 180 ಜಿಬಿ ತುಂಬಿದ್ದರೆ 1 ಟಿಬಿ ಆರಾಮ. 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುತ್ತದೆ. ಅದು ಮೋಸ ಅಲ್ಲ, ಎಣಿಸುವ ರೀತಿ ಬೇರೆ.

ಮೋಸ ಬೇರೆ ಕಡೆ ಇದೆ. ಕೆಲವೇ ನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಎಂದು ಆನ್‌ಲೈನ್‌ನಲ್ಲಿ ಕಂಡರೆ ಮುಟ್ಟಬೇಡಿ. ಒಳಗೆ ಇರುವುದು ಸಣ್ಣ ಚಿಪ್. ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತ ಹೋಗುತ್ತದೆ, ಫೈಲ್ ಹೆಸರು ಕಾಣುತ್ತದೆ, ತೆರೆದರೆ ಏನೂ ಇರುವುದಿಲ್ಲ. ಅನುಮಾನ ಇದ್ದರೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಪೂರ್ತಿ ತುಂಬಿಸಿ ಓದಿಸಿ ನೋಡಿ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗೆ ಹೋಗಿ, ಬಿಲ್ ಮತ್ತು ವಾರಂಟಿ ಕೇಳಿ ತೆಗೆದುಕೊಳ್ಳುವುದು ಎಷ್ಟೋ ವಾಸಿ.

ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ಎಂದು ಕೇಳುತ್ತಾರೆ. ಬ್ಯಾಕಪ್‌ಗೆ ಹಾರ್ಡ್ ಡಿಸ್ಕ್ ಸಾಕು, ಅಗ್ಗ. ಆದರೆ ಓಡುವಾಗ ಬಿದ್ದರೆ ಹೋಯಿತು, ಹಾಗಾಗಿ ಮೇಜಿನ ನಡುವೆ ಇಡಿ, ವೈರ್ ಯಾರ ಕಾಲಿಗೂ ಸಿಗದಂತೆ.

ನಮ್ಮ ಬಿಸಿಲಿನ ಮಾತು ಹೇಳಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಪೋರ್ಟಬಲ್ ಹಾರ್ಡ್ ಡಿಸ್ಕ್‌ಗಳು ಇಷ್ಟು ಬಿಸಿಯ ಕೋಣೆಗೆ ಮಾಡಿದವಲ್ಲ. ಬೇಸಿಗೆಯಲ್ಲಿ ಈ ಕೆಲಸ ಬೆಳಗ್ಗೆ ಎಂಟರ ಒಳಗೆ ಮುಗಿಸಿ. ಡಿಸ್ಕ್ ಮೇಲೆ ಬಟ್ಟೆ, ಪುಸ್ತಕ ಹೇರಬೇಡಿ, ಫ್ಯಾನ್ ಗಾಳಿ ತಾಗಲಿ. ಮಧ್ಯಾಹ್ನ ಸ್ಕೂಟರ್ ಡಿಕ್ಕಿಯಲ್ಲಿ ಡಿಸ್ಕ್ ಇಟ್ಟು ಊರು ಸುತ್ತಬೇಡಿ.

ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಇರಲಿ. ಎಫ್‌ಎಟಿ 32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಇಮೇಜ್ ಅರ್ಧಕ್ಕೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಹಂತ 4: ಸಾಫ್ಟ್‌ವೇರ್ ಆರಿಸಿ

ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಸಾಫ್ಟ್‌ವೇರ್‌ಗೆ ಐದು ಪ್ರಶ್ನೆ ಹಾಕಿ.

1. ವಿಂಡೋಸ್ ಏಳದಿದ್ದಾಗ ಬೂಟ್ ಆಗುವ, ಅಂದರೆ ತನ್ನಿಂದಲೇ ಕಂಪ್ಯೂಟರ್ ಎಬ್ಬಿಸುವ, ರೆಸ್ಕ್ಯೂ ಪೆನ್‌ಡ್ರೈವ್ ಮಾಡಿಕೊಡುತ್ತದೆಯಾ?
2. ಉಚಿತ ಆವೃತ್ತಿಯಲ್ಲೇ ಪೂರ್ತಿ ವಾಪಸ್ ಹಾಕಲು ಬರುತ್ತದೆಯಾ? ತೆಗೆಯಲು ಪುಕ್ಕಟೆ, ವಾಪಸ್ ಹಾಕುವಾಗ ಹಣ ಎಂದರೆ ಅದು ಬೇಡ.
3. ಇಮೇಜ್ ಒಳಗಿಂದ ಒಂದೇ ಒಂದು ಫೋಟೊ ಹೊರತೆಗೆಯಬಹುದಾ?
4. ತೆಗೆದದ್ದು ಸರಿ ಇದೆಯಾ ಎಂದು ತಾನೇ ಪರೀಕ್ಷಿಸುತ್ತದೆಯಾ?
5. ಈಗಲೂ ಅಪ್‌ಡೇಟ್ ಬರುತ್ತಿದೆಯಾ?

ಮೊದಲ ಎರಡಕ್ಕೆ "ಇಲ್ಲ" ಅಂದರೆ ಉಳಿದದ್ದು ಕೇಳುವುದೇ ಬೇಡ.

ಈಗ ಹೆಸರುಗಳಿಗೆ ಬರೋಣ.

ವಿಂಡೋಸ್‌ನಲ್ಲೇ ಇರುವ "ಬ್ಯಾಕಪ್ ಆ್ಯಂಡ್ ರಿಸ್ಟೋರ್, ವಿಂಡೋಸ್ 7" ಎಂಬ ಹಳೆಯ ಸಾಧನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇನ್ನೂ ಇದೆ. ಅದರಿಂದ ಸಿಸ್ಟಮ್ ಇಮೇಜ್ ಬರುತ್ತದೆ. ಆದರೆ 2017ರಲ್ಲೇ ಮೈಕ್ರೋಸಾಫ್ಟ್ ಅದನ್ನು ಮುಂದುವರಿಸುವುದಿಲ್ಲ, ಬೇರೆ ಕಂಪನಿಗಳ ಸಾಫ್ಟ್‌ವೇರ್ ಬಳಸಿ ಎಂದು ಹೇಳಿದೆ. ವಾಪಸ್ ಹಾಕುವಾಗ ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿದ್ದರೆ ಒಪ್ಪುವುದೂ ಇಲ್ಲ. 1 ಟಿಬಿ ಹಾರ್ಡ್ ಡಿಸ್ಕ್ ತೆಗೆದು 512 ಜಿಬಿ ಎಸ್‌ಎಸ್‌ಡಿ ಹಾಕುವವರಿಗೆ ಇದು ಗೋಡೆ. ನಾನು ಇದನ್ನು ಯಾರಿಗೂ ಹೇಳುವುದಿಲ್ಲ. ಫೈಲ್‌ಗಳಿಗೆ ಮಾತ್ರ ವಿಂಡೋಸ್‌ನ "ಫೈಲ್ ಹಿಸ್ಟರಿ" ಚೆನ್ನಾಗಿದೆ.

ವೀಮ್ ಏಜೆಂಟ್‌ನ ಉಚಿತ ಆವೃತ್ತಿ. ಮನೆಯ ಕಂಪ್ಯೂಟರ್‌ಗೆ ನನ್ನ ಮೊದಲ ಆಯ್ಕೆ ಇದೇ. ಇಳಿಸಲು ಇಮೇಲ್ ಕೊಟ್ಟು ಹೆಸರು ನೋಂದಾಯಿಸಬೇಕು. ಇಡೀ ಕಂಪ್ಯೂಟರ್ ಎಂಬ ಆಯ್ಕೆ ಮಾಡಿದರೆ ಬೇಕಾದ ಎಲ್ಲ ಭಾಗಗಳನ್ನೂ ತಾನೇ ಸೇರಿಸಿಕೊಳ್ಳುತ್ತದೆ. ರೆಸ್ಕ್ಯೂ ಪೆನ್‌ಡ್ರೈವ್ ಮಾಡುವಾಗ ನಿಮ್ಮ ಮಶಿನ್‌ನ ಡ್ರೈವರ್‌ಗಳನ್ನೂ (ಡಿಸ್ಕ್, ಕೀಬೋರ್ಡ್‌ನಂಥ ಭಾಗಗಳನ್ನು ನಡೆಸುವ ಚಿಕ್ಕ ಸಾಫ್ಟ್‌ವೇರ್) ಅದರೊಳಗೆ ಹಾಕುತ್ತದೆ. ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿದ ಕೂಡಲೇ ಬ್ಯಾಕಪ್ ಶುರು ಮಾಡಿಸಬಹುದು, ಮುಗಿದ ಮೇಲೆ ತಾನೇ ಇಜೆಕ್ಟ್ ಮಾಡುವಂತೆಯೂ ಹೇಳಬಹುದು. ಉಚಿತದಲ್ಲಿ ಒಂದೇ ಜಾಬ್, ಅಂದರೆ ಒಂದೇ ಬ್ಯಾಕಪ್ ಯೋಜನೆ, ಮಾಡಲು ಬರುತ್ತದೆ. ಮನೆಗೆ ಒಂದು ಸಾಕಲ್ವಾ?

ಹ್ಯಾಸ್ಲಿಯೊ ಬ್ಯಾಕಪ್ ಸೂಟ್. ಇದರಲ್ಲೂ ಉಚಿತ ಆವೃತ್ತಿ ಇದೆ. ಪರದೆ ಸರಳ. ಇಮೇಜ್, ಕ್ಲೋನ್, ಫೈಲ್ ಬ್ಯಾಕಪ್ ಮೂರೂ ಒಂದೇ ಕಡೆ ಸಿಗುತ್ತವೆ. ವೀಮ್ ನೋಡಿ ಗಾಬರಿಯಾದವರಿಗೆ ಇದನ್ನು ಹಾಕಿಕೊಡುತ್ತೇನೆ.

ಕ್ಲೋನ್‌ಜಿಲ್ಲಾ. ಪೂರ್ತಿ ಉಚಿತ. ಪೆನ್‌ಡ್ರೈವ್‌ನಿಂದಲೇ ಬೂಟ್ ಆಗುತ್ತದೆ, ವಿಂಡೋಸ್‌ನಲ್ಲಿ ಏನೂ ಹಾಕಬೇಕಿಲ್ಲ. ಆದರೆ ಬರೀ ಅಕ್ಷರದ ಪರದೆ, ಡಿಸ್ಕ್‌ಗಳ ಹೆಸರೂ ಬೇರೆ ಥರ. ಒಂದು ತಪ್ಪು ಆಯ್ಕೆ ಮಾಡಿದರೆ ತುಂಬಿದ ಡಿಸ್ಕ್ ಖಾಲಿ. ಗುರಿ ಡಿಸ್ಕ್ ಹಳೆಯದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಇದೇ ಕೆಲಸವನ್ನು ಮೌಸ್‌ನಿಂದ ಮಾಡಬೇಕು ಅಂದರೆ ರೆಸ್ಕ್ಯೂಜಿಲ್ಲಾ ಇದೆ, ಕ್ಲೋನ್‌ಜಿಲ್ಲಾ ಇಮೇಜ್‌ಗಳನ್ನೂ ಓದುತ್ತದೆ. ಲಿನಕ್ಸ್ ಹಾಕಿದ ಮಶಿನ್‌ಗೆ ಇವೆರಡೇ ಸರಿ.

ಮ್ಯಾಕ್ರಿಯಮ್ ರಿಫ್ಲೆಕ್ಟ್. ಹಳೆಯ ವಿಡಿಯೊಗಳಲ್ಲಿ ಎಲ್ಲರೂ ಇದರ ಉಚಿತ ಆವೃತ್ತಿ ಹೇಳುತ್ತಾರೆ. ಅದಕ್ಕೆ 2024ರ ಆರಂಭದಿಂದ ಅಪ್‌ಡೇಟ್ ನಿಂತಿದೆ. ಹಣ ಕೊಟ್ಟು ಕೊಳ್ಳುವವರಿಗೆ ಈಗಲೂ ಗಟ್ಟಿ ಸಾಫ್ಟ್‌ವೇರ್. ಉಚಿತದ ಹಳೆಯ ಪ್ರತಿಯನ್ನು ಎಲ್ಲಿಂದಲೋ ಹುಡುಕಿ ಹಾಕಬೇಡಿ.

ಅಕ್ರೋನಿಸ್. ಹಣದ ಸಾಫ್ಟ್‌ವೇರ್. ಆದರೆ ವೆಸ್ಟರ್ನ್ ಡಿಜಿಟಲ್, ಸೀಗೇಟ್‌ನಂಥ ಡಿಸ್ಕ್ ಕಂಪನಿಗಳು ಇದರದೇ ಒಂದು ರೂಪವನ್ನು ತಮ್ಮ ಗ್ರಾಹಕರಿಗೆ ಉಚಿತವಾಗಿ ಕೊಡುತ್ತವೆ. ಆ ಕಂಪನಿಯ ಡಿಸ್ಕ್ ಜೋಡಿಸಿದ್ದರೆ ಮಾತ್ರ ನಡೆಯುತ್ತದೆ. ನಿಮ್ಮ ಡಿಸ್ಕ್ ಯಾವ ಕಂಪನಿಯದು ಎಂದು ನೋಡಿ.

ಏಒಮೆಯ್ ಬ್ಯಾಕಪ್ಪರ್, ಈಸಿಯಸ್ ಟೊಡೊ ಬ್ಯಾಕಪ್. ಎರಡೂ ನಡೆಯುತ್ತವೆ. ಉಚಿತದಲ್ಲಿ ಕೆಲವು ಬಟನ್‌ಗೆ ಬೀಗ ಇರುತ್ತದೆ, ಒತ್ತಿದಾಗ ಹಣ ಕೇಳುತ್ತದೆ. ಮೇಲಿನ ಎರಡನೇ ಪ್ರಶ್ನೆಯನ್ನು ಇವುಗಳಿಗೆ ತಪ್ಪದೆ ಹಾಕಿ.

ಯಾವುದನ್ನೇ ಆರಿಸಿ, ಆ ಕಂಪನಿಯ ಸ್ವಂತ ತಾಣದಿಂದ ಇಳಿಸಿ. ಕ್ರ್ಯಾಕ್ ಮಾಡಿದ್ದು ಬೇಡವೇ ಬೇಡ. ಬ್ಯಾಕಪ್ ಸಾಫ್ಟ್‌ವೇರ್ ನಿಮ್ಮ ಇಡೀ ಡಿಸ್ಕ್ ಓದುತ್ತದೆ. ಅದರಲ್ಲೇ ವೈರಸ್ ಕೂತಿದ್ದರೆ ಮನೆ ಕೀಲಿಯನ್ನು ಕಳ್ಳನ ಕೈಗೆ ಕೊಟ್ಟ ಹಾಗೆ.

ಒಂದೇ ಮಶಿನ್‌ಗೆ ಎರಡು ಮೂರು ಇಮೇಜ್ ಸಾಫ್ಟ್‌ವೇರ್ ಹಾಕಬೇಡಿ. ಒಂದಕ್ಕೊಂದು ಅಡ್ಡ ಬರುತ್ತವೆ.

ಹಂತ 5: ಇಮೇಜ್‌ಗಿಂತ ಮೊದಲು ರೆಸ್ಕ್ಯೂ ಪೆನ್‌ಡ್ರೈವ್

ಎಲ್ಲರೂ ಹಾರಿಸುವ ಹಂತ ಇದು. ದಯವಿಟ್ಟು ಹಾರಿಸಬೇಡಿ.

ಪೆನ್‌ಡ್ರೈವ್‌ನಲ್ಲಿ ಇರುವುದನ್ನೆಲ್ಲ ಬೇರೆ ಕಡೆ ಇಡಿ, ಇದು ಪೂರ್ತಿ ಅಳಿಯುತ್ತದೆ. ಸಾಫ್ಟ್‌ವೇರ್‌ನಲ್ಲಿ "ರಿಕವರಿ ಮೀಡಿಯಾ", "ಎಮರ್ಜೆನ್ಸಿ ಡಿಸ್ಕ್" ಅಥವಾ "ಬೂಟೆಬಲ್ ಮೀಡಿಯಾ" ಎಂಬ ಹೆಸರಿನಲ್ಲಿ ಆಯ್ಕೆ ಇರುತ್ತದೆ. ಅದರಿಂದ ಪೆನ್‌ಡ್ರೈವ್ ಮಾಡಿ.

ಈಗ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9. ಏಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ನಿಮ್ಮದರಲ್ಲಿ ಯಾವುದು ಕೆಲಸ ಮಾಡಿತೋ ಅದನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ.

ಸಾಫ್ಟ್‌ವೇರ್ ಪರದೆ ಬಂತಾ? ಈಗ ಮೂರು ನೋಡಿ. ಮೌಸ್, ಕೀಬೋರ್ಡ್ ನಡೆಯುತ್ತಿವೆಯಾ? ಒಳಗಿನ ಡಿಸ್ಕ್ ಕಾಣುತ್ತದೆಯಾ? ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿದರೆ ಅದೂ ಕಾಣುತ್ತದೆಯಾ? ಮೂರೂ ಹೌದಾದರೆ ಏನೂ ಒತ್ತದೆ ಹೊರಗೆ ಬನ್ನಿ.

ಒಳಗಿನ ಡಿಸ್ಕ್ ಕಾಣದಿದ್ದರೆ ಹೆದರಬೇಡಿ. ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಆನ್ ಇರುತ್ತದೆ. ಅದರ ಡ್ರೈವರ್ ಇಲ್ಲದ ಪೆನ್‌ಡ್ರೈವ್‌ಗೆ ಡಿಸ್ಕ್ ಕಣ್ಣಿಗೇ ಬೀಳುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಸ್ಟೋರೇಜ್ ಡ್ರೈವರ್ ಇಳಿಸಿ, ಅದನ್ನು ಸೇರಿಸಿ ಪೆನ್‌ಡ್ರೈವ್ ಮತ್ತೆ ಮಾಡಿ. ವಿಎಂಡಿಯನ್ನೇ ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್ ಪರದೆ) ಆಫ್ ಮಾಡಲು ಹೋಗಬೇಡಿ, ವಿಂಡೋಸ್ ಏಳದೇ ಹೋಗಬಹುದು.

ನಂಬಿಕೆಯ ಸಾಫ್ಟ್‌ವೇರ್‌ನಿಂದ ಮಾತ್ರ ಕಂಪ್ಯೂಟರ್ ಏಳಲು ಬಿಡುವ ಸೆಕ್ಯೂರ್ ಬೂಟ್ ಎಂಬ ಸೆಟ್ಟಿಂಗ್ ಬದಲಿಸಬೇಕಾಗಿ ಬಂದರೆ ಬಿಟ್‌ಲಾಕರ್ ಕೀ ಕೇಳಬಹುದು. ಹಂತ 2ರಲ್ಲಿ ಕೀ ಬರೆದುಕೊಳ್ಳಿ ಎಂದದ್ದು ಇದಕ್ಕೇ.

ಪೆನ್‌ಡ್ರೈವ್ ಏಳಲೇ ಇಲ್ಲ ಅಂದರೆ ಹಂತ 4ಕ್ಕೆ ಹಿಂದೆ ಹೋಗಿ ಬೇರೆ ಸಾಫ್ಟ್‌ವೇರ್ ಆರಿಸಿ. ಇಷ್ಟು ಹೊತ್ತಿಗೆ ನೀವು ಕಳೆದುಕೊಂಡದ್ದು ಅರ್ಧ ಗಂಟೆ ಮಾತ್ರ.

ಹಂತ 6: ಮೊದಲ ಇಮೇಜ್ ತೆಗೆಯಿರಿ

ಬೇಡದ ಸಿನಿಮಾ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ. ಆಂಟಿವೈರಸ್‌ನಿಂದ ಒಮ್ಮೆ ಪೂರ್ತಿ ಸ್ಕ್ಯಾನ್ ಮಾಡಿಸಿ. ಲ್ಯಾಪ್‌ಟಾಪ್ ಆದರೆ ಪೂರ್ತಿ ಚಾರ್ಜ್ ಮಾಡಿ ಚಾರ್ಜರ್ ಹಾಕಿಯೇ ಇಡಿ. ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದ ಓಣಿಯಲ್ಲಿ ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದೆ ಈ ಕೆಲಸ ಬೇಡ.

ಎಕ್ಸ್‌ಟರ್ನಲ್ ಡಿಸ್ಕನ್ನು ಯುಎಸ್‌ಬಿ 3 ಪೋರ್ಟ್‌ಗೆ ಚುಚ್ಚಿ. ಹಲವು ಮಶಿನ್‌ಗಳಲ್ಲಿ ಅದು ನೀಲಿ ಬಣ್ಣದ್ದು. ಸೆಕೆಂಡಿಗೆ 100 ಎಂಬಿ ಓಡಿದರೆ 180 ಜಿಬಿಗೆ ಅರ್ಧ ಗಂಟೆ. ಹಳೆಯ ಯುಎಸ್‌ಬಿ 2ರಲ್ಲಿ 30 ಎಂಬಿ ಓಡಿದರೆ ಅದಕ್ಕೇ ಒಂದು ಗಂಟೆ ನಲವತ್ತು ನಿಮಿಷ.

ಇಡೀ ಡಿಸ್ಕ್ ಆರಿಸಿ. ಸಿ ಒಂದನ್ನೇ ಟಿಕ್ ಮಾಡುವುದು ನಾನು ಅತಿ ಹೆಚ್ಚು ನೋಡಿದ ತಪ್ಪು. ಇಎಫ್‌ಐ ಭಾಗ ಇಲ್ಲದ ಇಮೇಜ್ ಹೊಸ ಡಿಸ್ಕ್‌ಗೆ ಹಾಕಿದರೆ ಫೈಲ್ ಇರುತ್ತವೆ, ಕಂಪ್ಯೂಟರ್ ಏಳುವುದಿಲ್ಲ.

ಒನ್‌ಡ್ರೈವ್ ಬಳಸುವವರು ಒಂದು ಗಮನಿಸಿ. ಫೈಲ್ ಪಕ್ಕ ಮೋಡದ ಗುರುತು ಇದ್ದರೆ ಅದು ನಿಮ್ಮ ಡಿಸ್ಕ್‌ನಲ್ಲಿ ಇಲ್ಲ, ಹೆಸರು ಮಾತ್ರ ಇದೆ. ಇಮೇಜ್‌ಗೂ ಬರುವುದಿಲ್ಲ. ಬಲ ಕ್ಲಿಕ್ ಮಾಡಿ ಯಾವಾಗಲೂ ಈ ಮಶಿನ್‌ನಲ್ಲೇ ಇರಲಿ ಎಂಬ ಆಯ್ಕೆ ಒತ್ತಿ, ಇಳಿಯುವವರೆಗೆ ಕಾಯಿರಿ.

ಕ್ಲೋನ್‌ಜಿಲ್ಲಾ ಬಳಸುವವರಿಗೆ ಎರಡು ಮಾತು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಅದು ಅರೆನಿದ್ದೆಯಲ್ಲಿರುತ್ತದೆ, ಇಮೇಜ್ ತೆಗೆಯುವಾಗ ತಕರಾರು ಬರುತ್ತದೆ. ಶಿಫ್ಟ್ ಕೀ ಹಿಡಿದು ಶಟ್‌ಡೌನ್ ಒತ್ತಿ. ಬಿಟ್‌ಲಾಕರ್ ಬೀಗ ಇರುವ ಡಿಸ್ಕನ್ನು ಹೊರಗಿನಿಂದ ತೆಗೆದರೆ ಸಾಮಾನ್ಯವಾಗಿ ಖಾಲಿ ಜಾಗವೂ ಸೇರಿ ಪೂರ್ತಿ ಗಾತ್ರದ ಇಮೇಜ್ ಆಗುತ್ತದೆ. ಅಂಥವರಿಗೆ ವಿಂಡೋಸ್ ಒಳಗಿನಿಂದ ತೆಗೆಯುವ ಸಾಫ್ಟ್‌ವೇರ್ ವಾಸಿ. ಆದರೆ ಹಾಗೆ ತೆಗೆದ ಇಮೇಜ್‌ಗೆ ಬೀಗ ಇರುವುದಿಲ್ಲ, ಡಿಸ್ಕ್ ಸಿಕ್ಕವರು ಎಲ್ಲ ನೋಡಬಹುದು. ಇಮೇಜ್‌ಗೆ ಪಾಸ್‌ವರ್ಡ್ ಹಾಕಿ, ಅದನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿ ಮನೆಪತ್ರಗಳ ಜೊತೆ ಇಡಿ.

ಮುಗಿದ ಮೇಲೆ ವೆರಿಫೈ ಎಂಬ ಆಯ್ಕೆ ಒತ್ತಿ. ಮತ್ತಷ್ಟು ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಹಂತ 7: ವಾಪಸ್ ತೆಗೆದು ನೋಡಿ

ಇಮೇಜನ್ನು ಸಾಫ್ಟ್‌ವೇರ್‌ನಲ್ಲಿ ತೆರೆದು ಬೇರೆ ಬೇರೆ ವರ್ಷದ ಐದಾರು ಫೈಲ್ ಹೊರತೆಗೆಯಿರಿ. ಒಂದು ದೊಡ್ಡ ವಿಡಿಯೊ, ಒಂದು ಪಿಡಿಎಫ್, ಒಂದು ಲೆಕ್ಕದ ಫೈಲ್ ಇರಲಿ. ಹೆಸರು ಕಂಡರೆ ಸಾಲದು, ತೆರೆದು ನೋಡಿ. ವಿಡಿಯೊವನ್ನು ಕೊನೆಯವರೆಗೆ ಓಡಿಸಿ.

ಆಮೇಲೆ ರೆಸ್ಕ್ಯೂ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಆ ಇಮೇಜ್ ಅಲ್ಲಿ ಕಾಣುತ್ತದೆಯಾ, ಪಾಸ್‌ವರ್ಡ್ ಒಪ್ಪುತ್ತದೆಯಾ ನೋಡಿ. ಕೊನೆಯ ಬಟನ್ ಒತ್ತುವ ಮೊದಲು ನಿಲ್ಲಿಸಿ ಹೊರಬನ್ನಿ. ಮನೆಯಲ್ಲಿ ಹಳೆಯ ಖಾಲಿ ಡಿಸ್ಕ್ ಬಿದ್ದಿದ್ದರೆ ಅದಕ್ಕೆ ನಿಜವಾಗಿಯೇ ಹಾಕಿ ನೋಡಬಹುದು. ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಓಡುತ್ತಿರುವ ಒಳ್ಳೆಯ ಡಿಸ್ಕ್ ಮೇಲೆ ಮಾತ್ರ ಈ ಪ್ರಯೋಗ ಬೇಡ.

ಹಂತ 8: ಮುಂದಿನ ಬ್ಯಾಕಪ್, ಎರಡನೇ ಪ್ರತಿ

ಎರಡನೇ ಸಲದಿಂದ ಇಡೀ ಡಿಸ್ಕ್ ತೆಗೆಯಬೇಕಿಲ್ಲ. ಬದಲಾದದ್ದು ಮಾತ್ರ ಸೇರಿಸುವುದಕ್ಕೆ ಇನ್‌ಕ್ರಿಮೆಂಟಲ್ ಅನ್ನುತ್ತಾರೆ. ಇದು ಸರಪಳಿ ಇದ್ದ ಹಾಗೆ: ನಡುವಿನ ಒಂದು ಕೊಂಡಿ ಕೆಟ್ಟರೆ ಅದರ ಮುಂದಿನದೆಲ್ಲ ವ್ಯರ್ಥ. ಹಾಗಾಗಿ ಎರಡು ಮೂರು ತಿಂಗಳಿಗೆ ಒಮ್ಮೆ ಹೊಸದಾಗಿ ಪೂರ್ತಿ ಇಮೇಜ್ ತೆಗೆಯಿರಿ. ಹಳೆಯ ಸರಪಳಿಯ ಫೈಲ್‌ಗಳನ್ನು ಜಾಗಕ್ಕಾಗಿ ಕೈಯಿಂದ ಅಳಿಸಬೇಡಿ, ಸಾಫ್ಟ್‌ವೇರ್ ಮೂಲಕವೇ ಅಳಿಸಿ.

ಕೆಲಸ ಮುಗಿದ ಕೂಡಲೇ ಡಿಸ್ಕ್ ಬಿಚ್ಚಿಡಿ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದರೆ ಚುಚ್ಚಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ಸಿಡಿಲಿನ ಹೊಡೆತಕ್ಕೂ ಅದೇ ಉಪಾಯ.

ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಕಲಬುರಗಿ, ಯಾದಗಿರಿ ಜಿಲ್ಲೆಗಳ ಹಳ್ಳಿಗಳಿಗೆ ನೀರು ನುಗ್ಗಿತ್ತು. ಕಂಪ್ಯೂಟರ್ ಮತ್ತು ಬ್ಯಾಕಪ್ ಡಿಸ್ಕ್ ಒಂದೇ ಕೋಣೆಯಲ್ಲಿದ್ದರೆ ಅಂಥ ದಿನ ಎರಡೂ ಹೋಗುತ್ತವೆ. ನಾನು ಬೀದರ್‌ನ ಅಕ್ಕನ ಮನೆಯಲ್ಲಿ ಒಂದು ಡಿಸ್ಕ್ ಇಟ್ಟಿದ್ದೇನೆ. ಯುಗಾದಿಗೆ, ದಸರೆಗೆ ಹೋದಾಗ ಹೊಸದನ್ನು ಕೊಟ್ಟು ಹಳೆಯದನ್ನು ತರುತ್ತೇನೆ. ಪ್ರಮಾಣಪತ್ರಗಳಂಥ ಸಣ್ಣ ಫೈಲ್‌ಗಳನ್ನು ಗೂಗಲ್ ಡ್ರೈವ್‌ನಲ್ಲೂ ಇಟ್ಟಿದ್ದೇನೆ.

ಫೋನಿನ ಫೋಟೊಗಳನ್ನು ಕಂಪ್ಯೂಟರ್‌ಗೆ ಹಾಕಿ ಫೋನ್‌ನಲ್ಲಿ ಅಳಿಸುವವರು ಅದನ್ನು ಬ್ಯಾಕಪ್ ಎಂದು ಎಣಿಸಬೇಡಿ. ಆಗಲೂ ಇರುವುದು ಒಂದೇ ಪ್ರತಿ.

ಎಚ್ಚರದ ಸೂಚನೆಗಳು

ಬ್ಯಾಕಪ್ ಮೊದಲಿನಷ್ಟು ಬೇಗ ಮುಗಿಯುತ್ತಿಲ್ಲ, ಎರಡು ಪಟ್ಟು ಹೊತ್ತು ಹಿಡಿಯುತ್ತಿದೆ. ಇಮೇಜ್ ಗಾತ್ರ ಇದ್ದಕ್ಕಿದ್ದಂತೆ ಅರ್ಧ ಆಗಿದೆ. ರೀಡ್ ಎರರ್, ಬ್ಯಾಡ್ ಸೆಕ್ಟರ್, ಸಿಆರ್‌ಸಿ ಎಂಬ ಪದ ಪರದೆಯಲ್ಲಿ ಬಂದಿದೆ. ಎಕ್ಸ್‌ಟರ್ನಲ್ ಡಿಸ್ಕ್ ನಡುನಡುವೆ ಮಾಯವಾಗಿ ಮತ್ತೆ ಬರುತ್ತಿದೆ. ಕೊನೆಯದಕ್ಕೆ ಮೊದಲು ಕೇಬಲ್ ಬದಲಿಸಿ ನೋಡಿ, ಎಷ್ಟೋ ಸಲ ಅಷ್ಟೇ ಇರುತ್ತದೆ. ಉಳಿದವಕ್ಕೆ ಅದೇ ದಿನ ಕ್ರಿಸ್ಟಲ್ ಡಿಸ್ಕ್ ಇನ್ಫೊ ತೆರೆಯಿರಿ, ಎರಡೂ ಡಿಸ್ಕ್ ನೋಡಿ.

ಡಿಸ್ಕ್ ನಿಜವಾಗಿ ಹೋದ ದಿನ

1. ಹಳೆಯ ಡಿಸ್ಕ್ ಬಿಚ್ಚಿ ಪಕ್ಕಕ್ಕೆ ಇಡಿ. ಅದರ ಮೇಲೆ ಏನನ್ನೂ ಬರೆಯಬೇಡಿ, ಫಾರ್ಮ್ಯಾಟ್ ಹೊಡೆಸಬೇಡಿ.

2. ಹೊಸ ಡಿಸ್ಕ್ ಹಾಕಿ. ಒಳಗೆ ಅದೊಂದೇ ಡಿಸ್ಕ್ ಇರಲಿ. ಹೊರಗೆ ಬ್ಯಾಕಪ್ ಡಿಸ್ಕ್ ಮತ್ತು ಪೆನ್‌ಡ್ರೈವ್ ಬಿಟ್ಟು ಬೇರೇನೂ ಚುಚ್ಚಬೇಡಿ. ತಪ್ಪು ಡಿಸ್ಕ್ ಮೇಲೆ ಬರೆಯುವ ಅಪಾಯ ಆಗಲೇ ಅರ್ಧ ಕಡಿಮೆಯಾಯಿತು.

3. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಇಮೇಜ್ ಆರಿಸಿ. ಎಲ್ಲಿಗೆ ಹಾಕಬೇಕು ಎಂದು ಕೇಳಿದಾಗ ಡಿಸ್ಕ್‌ನ ಗಾತ್ರ, ಕಂಪನಿ ಹೆಸರನ್ನು ಗಟ್ಟಿಯಾಗಿ ಓದಿ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಅವರಿಗೂ ಓದಲು ಹೇಳಿ.

4. ಕರೆಂಟ್ ವಿಷಯ ಇಲ್ಲಿ ಇನ್ನೂ ಮುಖ್ಯ. ಅರ್ಧಕ್ಕೆ ನಿಂತರೆ ಹೊಸ ಡಿಸ್ಕ್ ಏಳುವುದಿಲ್ಲ, ಮೊದಲಿನಿಂದ ಹಾಕಬೇಕು.

5. ವಿಂಡೋಸ್ ಎದ್ದ ಮೇಲೆ ಇಮೇಜ್ ತಾರೀಖಿನ ನಂತರದ ಫೈಲ್‌ಗಳನ್ನು ವಾರದ ಫೈಲ್ ಬ್ಯಾಕಪ್‌ನಿಂದ ತನ್ನಿ. ಮದರ್‌ಬೋರ್ಡ್ ಅಥವಾ ಇಡೀ ಮಶಿನ್ ಬದಲಾಗಿದ್ದರೆ ವಿಂಡೋಸ್, ಟ್ಯಾಲಿಯಂಥವು ಲೈಸೆನ್ಸ್ ಮತ್ತೆ ಕೇಳಬಹುದು. ಆ ನಂಬರ್‌ಗಳೂ ನೋಟ್‌ಬುಕ್‌ನಲ್ಲಿರಲಿ.

6. ಹೊಸ ಡಿಸ್ಕ್‌ನಿಂದ ಒಂದು ವಾರ ಕೆಲಸ ಮಾಡಿ, ಎಲ್ಲ ಫೋಲ್ಡರ್ ತೆರೆದು ನೋಡುವವರೆಗೆ ಹಳೆಯ ಇಮೇಜ್ ಅಳಿಸಬೇಡಿ. ಹೊಸ ಇಮೇಜನ್ನು ಅದರ ಪಕ್ಕದಲ್ಲೇ ಬೇರೆ ಫೋಲ್ಡರ್‌ನಲ್ಲಿ ತೆಗೆಯಿರಿ. ಹಳೆಯ ಡಿಸ್ಕನ್ನು ಗುಜರಿಗೆ ಕೊಡುವುದು ಆಮೇಲೆ, ಅದೂ ಒಳಗಿನ ತಟ್ಟೆ ಒಡೆದು ಹಾಕಿ.